ಮಾದರಿ ಇಪ್ಪತ್ತೇಳು, ಬಲ ಚಿಪ್ಪು

ಉಮ್ಮ್ ಅಲ್ ಕುವೈನಿನ ಹಿನ್ನೀರಿಂದ ಬೆಳಿಗ್ಗೆ
ಉಬೈದ್ ಎತ್ತಿಕೊಟ್ಟ ಒಂದು ಬಕೆಟ್ ಕೆಸರು.
ಅರ್ಧ ಮಿಲಿಮೀಟರಿನ ಜರಡಿಯಲ್ಲಿ ತೊಳೆದು, ತೊಳೆದು
ಕಡೆಗೆ ಉಳಿದದ್ದು ಒಂದು ಚಮಚ:
ಹುಳು, ಹುಳುವಿನ ಮನೆ, ಏಡಿಯ ಮುರಿದ ಬೆರಳು,
ಮತ್ತೆ ಇದು.

ಎಳ್ಳಿಗಿಂತ ತುಸು ದೊಡ್ಡದು, ಅಕ್ಕಿನುಚ್ಚಿಗಿಂತ ಬಿಳಿ.
ಉಸಿರು ಬಿಟ್ಟರೆ ಹಾರುತ್ತದೆ. ಹಾಗಾಗಿ
ಉಸಿರು ಹಿಡಿದೇ ಮಾತಾಡಿಸಬೇಕು.

"ಮುತ್ತು ಸಿಕ್ಕಿತೇ?" ಉಬೈದನದು ದಿನಾ ಇದೇ ತಮಾಷೆ;
ಅವನಜ್ಜ ಮೂಗಿಗೆ ಚಿಮಟ ಕಚ್ಚಿಸಿಕೊಂಡು ಮುಳುಗುತ್ತಿದ್ದನಂತೆ.
ಇಲ್ಲ ಮಾರಾಯ, ಇದರ ಹೊಟ್ಟೆಯಲ್ಲಿ ಮುತ್ತಿರಲಿ,
ಒಂದು ಮರಳ ಕಣ ಒಳಹೊಕ್ಕರೂ
ಇದು ಹೊರಗೆ ಮಲಗಬೇಕು.

ದಾನದ ಹಸುವಿನ ಹಲ್ಲೆಣಿಸಬಾರದು ಎನ್ನುತ್ತಾರೆ.
ಕಡಲು ಕೊಟ್ಟ ದಾನದ ಹಲ್ಲೆಣಿಸುವುದಕ್ಕೇ ನನಗೆ ಸಂಬಳ.
ಸೂಜಿತುದಿಯಲ್ಲಿ ಮಗುಚುತ್ತೇನೆ, ದೀಪ ಓರೆ ಮಾಡುತ್ತೇನೆ:
ನೆತ್ತಿಯ ಕೆಳಗೆ, ಕೀಲಿನ ಹಲಗೆಯ ಮೇಲೆ
ಒಂದು, ಎರಡು, ಎರಡನೆಯದು ಸೀಳಿದ್ದು,
ಆಚೆ ಉದ್ದಕ್ಕೊಂದು ಅಡ್ಡಹಲ್ಲು, ಅಥವಾ ಅದರ ನೆರಳು.
ನೆತ್ತಿ ಮೇಲಕ್ಕೆ, ಮೂತಿ ನನ್ನಿಂದಾಚೆಗೆ ಹಿಡಿದರೆ
ಉಬ್ಬು ಬಲಗೈ ಕಡೆ. ಬಲ ಚಿಪ್ಪು.
ಎಡದ್ದು ಎಲ್ಲಿ ಹೋಯಿತೋ.
ಒಂಟಿ ಚಪ್ಪಲಿ ತೋರಿಸಿ
ನಡೆದವರ ಹೆಸರು ಹೇಳು ಅಂದಂತೆ.

ಪುಸ್ತಕ ಕವಲೊಡೆಯುತ್ತ ಕೇಳುತ್ತದೆ, ಠಾಣೆಯ ಹಾಗೆ:
ಉಂಗುರದ ಗೆರೆಗಳೋ, ನೆತ್ತಿಯಿಂದ ಇಳಿದ ಗೆರೆಗಳೋ?
ಒಳಗೆ, ಮಾಂಸ ಅಂಟಿದ್ದ ಗುರುತು
ನೇರವೋ, ಎಲ್ಲಾದರೂ ಬಾಗಿದೆಯೋ?
ಬಾಗಿದೆ. ಕೊಲ್ಲಿಯ ಚಿಪ್ಪಿನೊಳಗೆ
ಕೂದಲೆಳೆಯಲ್ಲಿ ಬರೆದ ಇನ್ನೊಂದು ಕೊಲ್ಲಿ.
ಹಾಗಿದ್ದರೆ ಎಂಬತ್ತೊಂದನೆಯ ಪುಟಕ್ಕೆ ಹೋಗು.

ಎಂಬತ್ತೊಂದರಲ್ಲಿ ಇಬ್ಬರು ಉಳಿದರು.
ಒಬ್ಬಳ ಒಳಅಂಚು ನಯ, ಇನ್ನೊಬ್ಬಳದು ಸಣ್ಣ ಗರಗಸ.
ಕಣ್ಣು ಎರಡಕ್ಕೂ ಹೌದೆನ್ನುತ್ತದೆ.
ಸೂಜಿಯನ್ನು ಅಂಚಿನ ಮೇಲೆ ಎಳೆದು ಕೇಳೋಣ ಅಂದುಕೊಂಡೆ.

ಅಘನಾಶಿನಿಯ ಇಳಿತದಲ್ಲಿ ಸೊಂಟಮಟ್ಟ ನಿಂತು
ಅವ್ವಿ ಕಾಲ್ಬೆರಳಲ್ಲೇ ಹೇಳುತ್ತಿದ್ದಳು:
ಇದು ಬೆಳಚು, ಇದು ಕಲ್ಲು, ಇದು ಸತ್ತ ಬೆಳಚು, ಬರೀ ಕೆಸರು.
ಅವಳ ಬುಟ್ಟಿಯಲ್ಲಿ ಜಾತಿ ಎರಡೇ:
ಸಾರಿಗೆ ಬರುವುದು, ಸುಣ್ಣಕ್ಕೆ ಹೋಗುವುದು.

ಟಿಕ್.
ಹಾರಿತು.

ಮೊಣಕಾಲೂರಿ, ಟಾರ್ಚು ಹಿಡಿದು ಲ್ಯಾಬಿನ ನೆಲವಿಡೀ ಹುಡುಕಿದೆ.
ಒರೆಸಲು ಬಂದ ಖಡ್ಗಮಾಯಾ ಮಾಪನ್ನು ಗೋಡೆಗಾನಿಸಿ
ಏನು ಎತ್ತ ಕೇಳದೆ ತಾನೂ ಕುಕ್ಕರಿಸಿದಳು.
"ಮಿಲ್ ಗಯಾ ದೀದಿ!"
ಬೆಳಗಿನ ರೊಟ್ಟಿಯಿಂದ ಉದುರಿದ ಎಳ್ಳು.
ಅದನ್ನೂ ಮಸೂರದಡಿ ಇಟ್ಟು ನೋಡಿದೆ, ಅವಳ ಮರ್ಯಾದೆಗೆ.
ಹಲ್ಲಿರಲಿಲ್ಲ.

ನನ್ನ ತೋಳಿನ ಮಡಿಕೆಯಲ್ಲೇ ಇತ್ತು ಕಡೆಗೆ, ಅಂಚು ಮುರಿದು.
ಯಾವ ಅಂಚನ್ನು ಕೇಳಬೇಕಿತ್ತೋ ಅದೇ ಅಂಚು.

ಬೋರಲು ಬಿದ್ದಿತ್ತು. ಹಾಗಾಗಿ
ಅಷ್ಟೂ ಹೊತ್ತು ಹಲ್ಲಿನ ಧ್ಯಾನದಲ್ಲಿ ಕಾಣದ್ದು ಕಂಡಿತು:
ನೆತ್ತಿಯ ಬಳಿ ದುಂಡನೆಯ ತೂತು,
ಬಾಯಿ ಅಗಲ, ಒಳಕ್ಕಿಳಿಯುತ್ತ ಕಿರಿದು,
ಸ್ಕ್ರೂ ತಲೆ ಹೂಳಲೆಂದು ಬಡಗಿ ಕೊರೆದಷ್ಟು ಅಚ್ಚುಕಟ್ಟು.
ಇದಕ್ಕೆ ಪುಸ್ತಕ ಬೇಡ. ಮರಳಡಿ ತೆವಳುವ
ದುಂಡುಹೊಟ್ಟೆಯ ಶಂಖದ ಹುಳು;
ತಬ್ಬಿಕೊಂಡು, ಅವಸರವಿಲ್ಲದೆ, ದಿನವಿಡೀ ಕೊರೆಯುತ್ತದೆ.

ಸತ್ತದ್ದು ಯಾರೆಂದು ಮೂರು ಗಂಟೆ ಕೂತರೂ ಹೇಳಲಾರೆ.
ಕೊಂದದ್ದು ಯಾರೆಂದು ನೋಡಿದೊಡನೆ ಗೊತ್ತು.
ಫಾರಮ್ಮಿನಲ್ಲಿ ಅದಕ್ಕೆ ಅಂಕಣವಿಲ್ಲ.

ಪೆನ್ಸಿಲಿನಲ್ಲಿ ಚೀಟಿ ಬರೆದೆ, ಸ್ಪಿರಿಟ್ಟಿಗೆ ಶಾಯಿ ನಿಲ್ಲುವುದಿಲ್ಲ:
ಮಾದರಿ ೨೭. ಬಲ ಚಿಪ್ಪು, ಒಂದು. ಎರಡು ಮುಕ್ಕಾಲು ಮಿ.ಮೀ.
ಕುಲ ಗೊತ್ತು. ಪ್ರಭೇದದ ಮುಂದೆ ಗೆರೆ ಎಳೆದು ಬಿಟ್ಟೆ.
ವಿಂಗಡಿಸಿದವರು: ಲ. ಹರಿಕಂತ್ರ.

ಉಬೈದನಿಗೆ ಫೋನು ಹಚ್ಚಿ ಕೇಳಿದೆ,
ಅದೇ ಜಾಗಕ್ಕೆ ನಾಳೆ ಮತ್ತೊಮ್ಮೆ ಹೋಗಬಹುದೇ, ಎಡದ್ದಕ್ಕೆ.
ಹೂಳೆತ್ತುವ ಹಡಗು ಸೋಮವಾರ ಬರುತ್ತದೆ, ಅಂದ.
ಇವತ್ತು ಗುರುವಾರ.
ಸ್ವಲ್ಪ ಹೊತ್ತು ಗಾಳಿಯ ಸದ್ದು.
"ಎಷ್ಟು ಬಕೆಟ್?"